ಅಳಿವೆಯ ಮೀನಿಗೆ ಒಂದು ಗಾಳದ ಕೋಲು

ಮದುವೆಯಾದ ಮೊದಲ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಮೀನಾಗುವ ಕೆಲಸ ನನ್ನದಾಗಿತ್ತು. ನಮ್ಮ ಮನೆಯವರು ಗಾಳದ ಕೋಲುಗಳನ್ನು ಮಾಡುತ್ತಿದ್ದರು, ಮುರಿದು ಬಂದವನ್ನು ರಿಪೇರಿ ಮಾಡುತ್ತಿದ್ದರು. ಕೋಲು ಸಿದ್ಧವಾದ ಮೇಲೆ ಅದು ಎಲ್ಲಿ ಬಾಗುತ್ತದೆ, ಎಷ್ಟು ಬಾಗುತ್ತದೆ ಎಂದು ನೋಡಬೇಕಲ್ಲ. ಹಲಸೂರಿನ ನಮ್ಮ ವಠಾರದ ಬಾಗಿಲಲ್ಲಿ ಅವರು ಕೋಲು ಹಿಡಿದು ನಿಲ್ಲುತ್ತಿದ್ದರು. ಹುರಿಯ ತುದಿಗೆ ಗಾಳದ ಬದಲು ಒಂದು ಗೇಣುದ್ದದ ಕಡ್ಡಿ ಕಟ್ಟಿರುತ್ತಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಕಡ್ಡಿ ಹಿಡಿದು ಗಲ್ಲಿಯ ಉದ್ದಕ್ಕೂ ಓಡುತ್ತಿದ್ದೆ.

“ಎಳಿ.”

“ಎಳೀತಾನೇ ಇದೀನಲ್ರೀ.”

“ಮೀನು ಇಷ್ಟು ಮೆತ್ತಗೆ ಎಳೆಯಲ್ಲ ಕಣೆ.”

“ನಿಮ್ಮ ಮೀನು ಬೆಳಿಗ್ಗೆಯಿಂದ ನಲ್ಲಿ ನೀರು ಹೊತ್ತಿರಲ್ಲ, ಅದಕ್ಕೇ ಜೋರಾಗಿ ಎಳೆಯುತ್ತೆ.”

ಎದುರು ಮನೆಯ ತಮಿಳಿನ ಅಕ್ಕ ಅಕ್ಕಿ ಆರಿಸುವ ಮೊರ ಹಿಡಿದು ಜಗಲಿಗೆ ಬರುತ್ತಿದ್ದರು. “ಏನಮ್ಮಾ, ಇನ್ನಿಕ್ಕಿ ಎಷ್ಟು ಪೌಂಡು ತೂಗ್ತೀಯಾ?” ಎಂದು ಕೇಳುತ್ತಿದ್ದರು. ನಿನ್ನೆಗಿಂತ ಎರಡು ಪೌಂಡು ಹೆಚ್ಚು ಎಂದು ನಾನು ಹೇಳಿದರೆ ಅವರು ಮೊರ ಕೆಳಗಿಟ್ಟು ನಗುತ್ತಿದ್ದರು.

ನಮ್ಮ ಮನೆಯವರು ತೀರಿಕೊಂಡು ಹನ್ನೊಂದು ತಿಂಗಳಾಯಿತು. ಕಣ್ಣು ಮುಚ್ಚಿದರೆ ಆಸ್ಪತ್ರೆಯ ಮಂಚ, ಮೂಗಿನ ಕೊಳವೆ, ಅವೇ ಕಾಣುತ್ತವೆ. ಇಷ್ಟೊಂದು ವರ್ಷ ಜೊತೆಗಿದ್ದವರನ್ನು ಕೊನೆಯ ಹದಿನೆಂಟು ದಿನಗಳು ನುಂಗಿಹಾಕುವುದು ನ್ಯಾಯವಲ್ಲ ಅನ್ನಿಸಿತು. ಅದಕ್ಕೇ ಹಟ ಮಾಡಿ ಹಿಂದಿನದನ್ನು ನೆನೆಯುತ್ತಿದ್ದೇನೆ. ಹಾಗೆ ನೆನೆಯಲು ಕೂತರೆ ಮೊದಲು ಬರುವುದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ಕಡಲತೀರದ ಒಬ್ಬ ಡಾಕ್ಟರಿಗಾಗಿ ನಾವಿಬ್ಬರೂ ಸೇರಿ ಕೋಲು ಆರಿಸಿದ್ದು.

ನಮ್ಮ ಮನೆಯವರು ಕೆಲಸ ಮಾಡುತ್ತಿದ್ದ ಅಂಗಡಿ ದಂಡಿನಲ್ಲಿತ್ತು. ಕಂಟೋನ್ಮೆಂಟನ್ನು ನಾವೆಲ್ಲ ದಂಡು ಎಂದೇ ಕರೆಯುತ್ತಿದ್ದೆವು. ಈಗಿನ ಶಿವಾಜಿನಗರಕ್ಕೆ ಆಗ ಬ್ಲಾಕ್‌ಪಲ್ಲಿ ಎಂದು ಹೆಸರು. ಅಲ್ಲಿಂದ ಅಂಗಡಿಗೆ ನಡೆದರೆ ಕಾಲು ಗಂಟೆಯ ದಾರಿ. ಅಂಗಡಿಯ ಮಾಲೀಕರು ಆಂಗ್ಲೋ ಇಂಡಿಯನ್ ಮುದುಕರು. ಇಲ್ಲೇ ಹುಟ್ಟಿ ಬೆಳೆದವರು. ಕೆಲಸದವರೆಲ್ಲ ಅವರನ್ನು ದೊರೆ ಎನ್ನುತ್ತಿದ್ದರು. ಹಾಕಿ ಕೋಲು, ಟೆನ್ನಿಸ್ ಬ್ಯಾಟು, ಡೇರೆಯ ಗೂಟ ಎಲ್ಲವೂ ಅಲ್ಲಿ ರಿಪೇರಿಗೆ ಬರುತ್ತಿದ್ದವು. ಆದರೆ ದೊರೆಗೆ ಹೆಸರಿದ್ದದ್ದು ಗಾಳದ ಕೋಲಿಗೆ. ರಜ ಸಿಕ್ಕಾಗ ಕಾವೇರಿಗೆ ಬಿಳಿಮೀನು ಎಂಬ ಭಾರಿ ಮೀನು ಹಿಡಿಯಲು ಹೋಗುವ ಆಫೀಸರುಗಳು ಅವರ ಅಂಗಡಿಗೇ ಬರುತ್ತಿದ್ದರು.

ಬಿದಿರನ್ನು ಆರು ಸೀಳು ಮಾಡಿ, ಒಂದೊಂದನ್ನೂ ಮೂರು ಮೂಲೆ ಬರುವಂತೆ ಹೆರೆದು, ಆರನ್ನೂ ಅಂಟಿಸಿ ಒಂದು ಕೋಲು ಮಾಡುತ್ತಿದ್ದರು. ಹೆರೆಯುವುದಕ್ಕೆ ಒಂದು ಉದ್ದನೆಯ ಬೆಂಚು. ಅದರ ಮೇಲೆ ಸಣ್ಣ ಸಣ್ಣ ಗೀರು ಕೊರೆದ ಉಕ್ಕಿನ ಅಚ್ಚು. ಸೀಳನ್ನು ಗೀರಿನಲ್ಲಿಟ್ಟು ಹತ್ತರಿ ಹೊಡೆಯಬೇಕು. ಅಂಥ ಅಚ್ಚು ಬೇರೆಲ್ಲೂ ಇರಲಿಲ್ಲ. ದೊರೆಯ ತಂದೆ ಹಡಗಿನಲ್ಲಿ ತರಿಸಿದ್ದಂತೆ.

ಯುದ್ಧದಲ್ಲಿ ಹೊರದೇಶದ ಬಿದಿರು ಬರುವುದು ನಿಂತಾಗ ದೊಡ್ಡನೆಕ್ಕುಂದಿಯ ನನ್ನ ತವರಿನಿಂದ ಬಿದಿರು ಹೋಗಲು ಶುರುವಾಯಿತು. ಕೆರೆಯ ಪಕ್ಕದ ನಮ್ಮ ಹೊಲದ ಬದುವಿನಲ್ಲಿ ಗಂಡುಬಿದಿರಿನ ಮೆಳೆ ಇತ್ತು. ಒಳಗೆ ಟೊಳ್ಳಿಲ್ಲದ ಗಟ್ಟಿ ಜಾತಿ ಅದು. ಅಪ್ಪ ಅದನ್ನು ಕೃಷ್ಣಪಕ್ಷದಲ್ಲಿ ಮಾತ್ರ ಕಡಿಯುತ್ತಿದ್ದರು. ಬೆಳುದಿಂಗಳಲ್ಲಿ ಕಡಿದ ಬಿದಿರಿಗೆ ಹುಳ ಬೀಳುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದು ಸಲ ದೊರೆ ಅವಸರದ ಆರ್ಡರಿದೆ ಎಂದು ಹುಣ್ಣಿಮೆಗೆ ಎರಡು ದಿನ ಇರುವಾಗ ಹೇಳಿಕಳಿಸಿದರು. “ನಿಮ್ಮ ದೊರೆಗೆ ಅವಸರ ಇರ್ಬೋದು ಕಣಮ್ಮ, ಹುಳಕ್ಕೆ ಅವಸರ ಇಲ್ಲ. ಅದು ಒಳಗೆ ಕೂತ್ಕೊಂಡು ನಿಧಾನವಾಗಿ ತಿಂತದೆ,” ಎಂದು ಅಪ್ಪ ಹತ್ತು ದಿನ ಕಾಯಿಸಿದರು. ದೊರೆ ಆಮೇಲೆ ತಮ್ಮ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗೆ ಗುರುತು ಹಾಕಿಕೊಳ್ಳಲು ಕಲಿತರು.

ಕೋಲಿಗೆ ರೇಷ್ಮೆ ದಾರ ಸುತ್ತುವ ಕೆಲಸ ನನಗೆ ಮನೆಗೇ ಬರುತ್ತಿತ್ತು. ಹುರಿ ಹಾದುಹೋಗುವ ಬಳೆಗಳನ್ನು ದಾರ ಸುತ್ತಿಯೇ ಕೂರಿಸಬೇಕು. ಒಂದರ ಪಕ್ಕ ಒಂದು ಎಳೆ, ನಡುವೆ ಕೂದಲಷ್ಟೂ ಸಂದಿರಬಾರದು. ಕೋಲು ಮಾಡುವುದರಲ್ಲಿ ನಮ್ಮ ಮನೆಯವರು ದೊರೆಯನ್ನೂ ಮೀರಿಸಿದ್ದರು. ಆದರೆ ಗಿರಾಕಿಗೆ ಕೋಲು ಆರಿಸಿಕೊಡುವುದು ದೊರೆಯೊಬ್ಬರೇ. ಬಂದವರ ಕೈ ನೋಡಿ, ಎಲ್ಲಿಗೆ ಹೋಗುತ್ತೀರಿ, ಯಾವ ಮೀನು, ದಡದಿಂದಲೋ ದೋಣಿಯಿಂದಲೋ ಎಂದು ಕೇಳಿ, ಗೋಡೆಯ ಮೇಲಿನ ಸಾಲಿನಿಂದ ಒಂದನ್ನು ತೆಗೆದುಕೊಡುತ್ತಿದ್ದರು. ಅದು ಬೇಡ ಎಂದವರನ್ನು ನಾನು ಕೇಳಿಲ್ಲ.

ಯುದ್ಧ ಮುಗಿದ ಮೇಲೆ ದೊರೆಗೆ ಇಲ್ಲಿ ಇರುವ ಮನಸ್ಸು ಕಡಿಮೆಯಾಯಿತು. ಮಗಳು ಕಡಲಾಚೆಯ ದೇಶದಲ್ಲಿದ್ದಳು. ಅಂಗಡಿ ಮುಚ್ಚಿ ಅವಳಲ್ಲಿಗೆ ಹೋಗುವುದೆಂದು ತೀರ್ಮಾನಿಸಿದರು. ಅದೇ ಸಮಯಕ್ಕೆ ಬಂದವರು ಆ ಡಾಕ್ಟರು. ಬರ್ಮಾದ ಯುದ್ಧದಿಂದ ಹಿಂತಿರುಗಿದ್ದ ಕನ್ನಡದವರು, ಕಡಲ ಕಡೆಯವರು. ಮಿಲಿಟರಿ ಬಿಟ್ಟು, ನದಿ ಕಡಲಿಗೆ ಸೇರುವ ಅಳಿವೆಯ ದಡದ ತಮ್ಮ ಊರಿನ ಆಸ್ಪತ್ರೆಗೆ ಹೊರಟಿದ್ದರು. ಚಮಚ ಎಸೆದು ಮೀನು ಹಿಡಿಯಲು ಒಂದು ಕೋಲು ಬೇಕು ಎಂದರು.

ಚಮಚ ಎಂದರೆ ಅಡುಗೆ ಮನೆಯದಲ್ಲ. ಹಿತ್ತಾಳೆಯ ತಗಡನ್ನು ಎಲೆಯಂತೆ ಬಡಿದು, ಒಂದು ತುದಿಗೆ ಗಾಳ, ಇನ್ನೊಂದು ತುದಿಗೆ ಹುರಿ. ನೀರಿಗೆ ಎಸೆದು ಸುತ್ತಿಕೊಂಡರೆ ಅದು ಹೊಳೆಯುತ್ತ ಹೊರಳುತ್ತ ಪುಟ್ಟ ಮೀನಿನ ಹಾಗೆ ಬರುತ್ತದೆ. ದೊಡ್ಡ ಮೀನು ಮೋಸಹೋಗಿ ಬಾಯಿ ಹಾಕುತ್ತದೆ. ನಾನು ಅದನ್ನು ಸುಳ್ಳು ಮೀನು ಎನ್ನುತ್ತಿದ್ದೆ.

ದೊರೆ ಅವತ್ತು ಎಂದಿನಂತೆ ಗೋಡೆಯ ಕಡೆ ತಿರುಗಲಿಲ್ಲವಂತೆ. ನಮ್ಮ ಮನೆಯವರನ್ನು ಕರೆದು, “ನೀನು ಆರ್ಸು,” ಎಂದರಂತೆ. “ನಾನು ಬಾಯಿ ತೆಗಿಯಲ್ಲ. ಡಾಕ್ಟರ್‌ಗೆ ಸರಿಹೋದ್ರೆ ಬೆಂಚು, ಅಚ್ಚು ಎಲ್ಲಾ ನಿನಗೆ ಬಿಟ್ಟು ಹೋಗ್ತೀನಿ. ಇಲ್ಲಾಂದ್ರೆ ದೊಡ್ಡ ಅಂಗಡಿಯವ್ರು ಕೇಳ್ತಾ ಇದ್ದಾರೆ, ಅವ್ರು ಎತ್ಕೊಂಡು ಹೋಗ್ಲಿ. ಕೋಲು ಮಾಡೋರು ಸಿಗ್ತಾರೆ. ಯಾರಿಗೆ ಯಾವುದು ಅಂತ ಗೊತ್ತಿಲ್ದೆ ಮಾಡಿದ್ರೆ ನಮ್ಮಪ್ಪನ ಅಚ್ಚು ಹಾಳು.”

ಸಂಜೆ ಮನೆಗೆ ಬಂದು ಇದನ್ನು ಹೇಳುವಾಗ ಅವರ ಕೈಯಲ್ಲಿ ಕಾಫಿ ಲೋಟ ಹಾಗೇ ಇತ್ತು. ಬೆಂಚು ಸಿಗದಿದ್ದರೆ ಏನು ಎಂದು ನಾನು ಕೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ವಿಮಾನದ ಕಾರ್ಖಾನೆಯಲ್ಲಿ ಯಾವುದಾದರೂ ಕೆಲಸಕ್ಕೆ ಸೇರಬೇಕು. ಅನ್ನಕ್ಕೇನೂ ತೊಂದರೆಯಿರಲಿಲ್ಲ. ಆದರೆ ಹದಿನಾಲ್ಕು ವರ್ಷ ಬಿದಿರು ಹೆರೆದ ಕೈ ಅವರದು. ಆ ಕೈಗೆ ಬೇರೆ ಕೆಲಸ ಎಂದರೆ ನನಗೂ ಊಹಿಸಲು ಆಗುತ್ತಿರಲಿಲ್ಲ.

“ಅಳಿವೆ ಅಂದ್ರೆ ಹೇಗಿರುತ್ತೆ?” ಎಂದು ಕೇಳಿದೆ.

“ನದಿ ಹೋಗಿ ಕಡಲಿಗೆ ಬೀಳೋ ಜಾಗ.”

“ಅದು ಗೊತ್ತು. ಹೇಗಿರುತ್ತೆ?”

“ನಾನೇನು ಕಂಡಿದೀನಾ?” ಎಂದರು.

ಮಾರನೆಯ ಬೆಳಿಗ್ಗೆ ಇಬ್ಬರೂ ಬ್ಲಾಕ್‌ಪಲ್ಲಿಯ ಮಾರ್ಕೆಟ್ಟಿಗೆ ಹೋದೆವು. ರೈಲಿನಲ್ಲಿ ಐಸು ತುಂಬಿ ಬರುತ್ತಿದ್ದ ಮೀನು ಅಲ್ಲಿ ಸಿಗುತ್ತಿತ್ತು. ಡಾಕ್ಟರು ಹೇಳಿದ ಮೀನನ್ನು ತಮಿಳಿನವರು ಕೊಡುವಾ ಎನ್ನುತ್ತಿದ್ದರು. ಒಂದು ಮೊಳ ಉದ್ದದ್ದು ಕಲ್ಲಿನ ಮೇಲೆ ಮಲಗಿತ್ತು. ನಮ್ಮ ಮನೆಯವರು ಅದರ ಬಾಯಿ ತೆರೆದು ಬೆರಳಿಟ್ಟು ನೋಡಿದರು. ನಾನೂ ನೋಡಿದೆ. ಮೀನಿನ ಸಾಬರಿಗೆ ತಡೆಯಲಿಲ್ಲ.

“ಕ್ಯಾ ಅಮ್ಮಾ, ಹಲ್ಲು ನೋಡಿ ತಗೊಳ್ಳಕ್ಕೆ ಇದೇನು ಎತ್ತಾ?”

“ಇದು ಗಾಳಕ್ಕೆ ಸಿಕ್ಕಿದ್ರೆ ಹೇಗೆ ಓಡುತ್ತೆ ಸಾಬ್ರೇ?” ಎಂದು ನಮ್ಮವರು ಕೇಳಿದರು.

“ನಂಗೆ ಸಿಗೋದು ಸತ್ತ ಮೀನು. ಬದುಕಿದ್ದಾಗ ಹೆಂಗಿತ್ತು ಅಂತ ಅದರ ಹೆಂಡ್ತೀನ ಕೇಳ್ಬೇಕು.”

ಅಲ್ಲಿ ತಿಳಿದದ್ದು ಇಷ್ಟು. ಮೀನಿನ ಬಾಯಿ ಗಟ್ಟಿ, ಗಾಳ ಒಳಗೆ ಇಳಿಯಬೇಕಾದರೆ ಕೋಲಿಗೆ ಬಲ ಬೇಕು. ಕಿವಿರಿನ ಅಂಚು ಚಾಕುವಿನಂತೆ, ಹುರಿ ಅದಕ್ಕೆ ತಾಗಿದರೆ ಕತ್ತರಿಸುತ್ತದೆ. ಉಪ್ಪುನೀರಿಗೆ ಕಬ್ಬಿಣದ ಬಳೆ ತುಕ್ಕು ಹಿಡಿಯುತ್ತದೆ, ಜರ್ಮನ್ ಬೆಳ್ಳಿಯದೇ ಆಗಬೇಕು ಎಂದು ಅವರಿಗೇ ತೋಚಿತು. ಕಡಲ ಗಾಳಿಯ ತೇವಕ್ಕೆ ಅಂಟು ಮೆತ್ತಗಾಗಬಹುದು ಎಂದು, ಬಳೆಗಳ ನಡುವೆಯೂ ಬೆರಳಗಲಕ್ಕೊಂದರಂತೆ ದಾರ ಸುತ್ತಲು ನನಗೆ ಹೇಳಿದರು. ಮೀನು ಓಡುವ ಬಗೆಯನ್ನು ಮಾತ್ರ ಯಾರೂ ಹೇಳಲಿಲ್ಲ. ಅದನ್ನು ಡಾಕ್ಟರನ್ನೇ ಕೇಳಬೇಕು ಎಂದೂ ಅನ್ನಿಸಲಿಲ್ಲ. ನಾನೇ ಮೀನಾಗಿ ಅಷ್ಟು ವರ್ಷ ಓಡಿದ್ದೆನಲ್ಲ.

ಗೋಡೆಯ ಸಾಲಿನಿಂದ ಅವರು ತೆಗೆದದ್ದು ಅಂಗಡಿಯ ಅತಿ ಚೆಂದದ ಕೋಲು. ಹನ್ನೊಂದು ಅಡಿ ಉದ್ದ. ಅದರ ಬಳೆ ತೆಗೆದು ಬೆಳ್ಳಿಯ ಬಳೆ ಕಟ್ಟಿದರು. ಹಸಿರು ರೇಷ್ಮೆ ಸುತ್ತುತ್ತ ನಾನು ಮೂರು ದಿನ ಬೆನ್ನೆತ್ತಲಿಲ್ಲ. ಅಂಗಡಿಯ ಮುಂದೆ ಮಿಲಿಟರಿ ಲಾರಿಗಳ ಸಂದಣಿ ಎಂದು, ಡಾಕ್ಟರು ಕೋಲು ನೋಡಲು ನಮ್ಮ ವಠಾರಕ್ಕೇ ಬಂದರು.

ನಾನು ಕಡ್ಡಿ ಹಿಡಿದು ಎಂದಿನಂತೆ ಓಡಿದೆ. ಕೋಲು ಬುಡದವರೆಗೂ ಸೊಗಸಾಗಿ ಬಾಗಿತು. ನಾನು ಎಳೆದಷ್ಟೂ ಹುರಿ ಕೊಟ್ಟು, ಸುಸ್ತಾದಾಗ ಸುತ್ತಿಕೊಂಡು, ನಮ್ಮವರು ನನ್ನನ್ನು ವಠಾರದ ಬಾಗಿಲಿಗೆ ಕರೆತಂದರು. ಅವರ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು. ಡಾಕ್ಟರು ಕೋಲನ್ನು ತಮ್ಮ ಕೈಗೆ ತೆಗೆದುಕೊಂಡರು.

“ನೀವು ಒಳ್ಳೆ ಮೀನೇ ಅಮ್ಮ. ಆದರೆ ಸಿಹಿನೀರಿನ ಮೀನು,” ಎಂದರು.

ಎದುರು ಮನೆಯ ಅಕ್ಕ ಗಟ್ಟಿಯಾಗಿ ನಕ್ಕರು. ನನಗೆ ಅರ್ಥವಾಗಲಿಲ್ಲ.

“ನಮ್ಮೂರಿನದ್ದು ಹೀಗೆ ದೂರಕ್ಕೆ ಓಡುದಿಲ್ಲ ಮಾರಾಯ್ರೆ. ಅಲ್ಲಿ ದಡದುದ್ದಕ್ಕೂ ಕಾಂಡ್ಲಾ ಗಿಡ ಉಂಟು, ನೀರಿನಲ್ಲೇ ಬೇರು ಬಿಟ್ಟು ನಿಲ್ಲುವ ಗಿಡ. ಬೇರಿನ ಮೇಲೆಲ್ಲ ಚಿಪ್ಪು, ಬ್ಲೇಡಿನ ಹಾಗೆ. ಮೀನು ಇರುದು ಅದರ ಬುಡದಲ್ಲಿ. ಸಣ್ಣ ದೋಣಿಯಲ್ಲಿ ಕೂತು, ಕೊಂಬೆಯ ಅಡಿಗೆ ಚಮಚ ಎಸೀಬೇಕು. ಕಚ್ಚಿದ ಕೂಡಲೇ ಅದು ತಿರುಗಿ ಬೇರಿನ ಒಳಗೇ ನುಗ್ಗುದು. ಎರಡು ಮಾರು ಕೊಟ್ಟರೆ ಮುಗೀತು.” ಆಮೇಲೆ ನನ್ನ ಕಡೆ ತಿರುಗಿ, “ಈ ಸಲ ಆ ಕಲ್ಲುಕಂಬ ನಿಮ್ಮ ಮನೆ ಅಂತ ತಿಳ್ಕೊಳ್ಳಿ. ನಾನು ಬಿಡುದಿಲ್ಲ, ನೀವು ಹೋಗಿ,” ಎಂದರು.

ದನ ಕಟ್ಟುವ ಕಲ್ಲುಕಂಬ ನನ್ನಿಂದ ನಾಲ್ಕು ಹೆಜ್ಜೆ ದೂರವಿತ್ತು. ನಾನು ಓರೆಯಾಗಿ ಓಡಿ ಕಂಬ ಸುತ್ತಿಬಿಟ್ಟೆ. ಕೋಲು ಬಾಗಿತು, ಬಾಗಿತು, ಬಾಗುತ್ತಲೇ ಇತ್ತು. ನನ್ನನ್ನು ತಡೆಯಲು ಅದಕ್ಕೆ ಆಗಲಿಲ್ಲ. ಹುರಿ ಕಲ್ಲಿಗೆ ಉಜ್ಜಿ ಪಟ್ಟನೆ ಹರಿಯಿತು. ನಾನು ನೆಲಕ್ಕೆ ಕೂತೆ.

“ಮೀನು ತಪ್ಪಿಸ್ಕೊಂಡ್ತಪ್ಪಾ,” ಎಂದರು ಅಕ್ಕ.

ಡಾಕ್ಟರು ಒಳ್ಳೆಯವರು. ಬೇಸರ ತೋರಿಸಲಿಲ್ಲ. ಮುಂದಿನ ಭಾನುವಾರ ಊರಿಗೆ ಹೊರಡುತ್ತೇನೆ, ಶನಿವಾರ ಅಂಗಡಿಗೆ ಬರುತ್ತೇನೆ, ಅಷ್ಟರೊಳಗೆ ನೋಡಿ ಎಂದು ಹೇಳಿ ಹೋದರು. ಊಟಕ್ಕೆ ಕೂತಾಗ ನಮ್ಮವರು ಸಾರು ಕಲಸುತ್ತಲೇ ಇದ್ದರು, ತಿನ್ನಲಿಲ್ಲ.

“ನಮಗೆ ಗೊತ್ತಿರೋದು ಈ ಗಲ್ಲಿ ಒಂದೇ. ಕಡಲಿನ ಮೀನನ್ನೂ ಇದರಲ್ಲೇ ಓಡಿಸ್ಬಿಟ್ವಿ,” ಎಂದರು.

ತಪ್ಪು ಓಡಿದ್ದು ನಾನಲ್ಲವೇ ಎಂದೆ. ಓಡು ಅಂದೋನು ನಾನು ಎಂದರು.

ಬುಧವಾರ ಸಂಜೆ ಸೈಕಲ್ಲಿಗೆ ಗೋಣಿ ಸುತ್ತಿದ ಕಟ್ಟು ಕಟ್ಟಿಕೊಂಡು ಬಂದರು. ಬಿಚ್ಚಿದರೆ ಮೂರು ಕೋಲು. ಒಂದು ಇಂಗ್ಲೆಂಡಿನಿಂದ ಬಂದದ್ದು, ಏಳು ಅಡಿ, ಹಗುರ, ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸುವಂಥದ್ದು. ಇನ್ನೊಂದು ಮೋಟು, ದಪ್ಪ, ದೋಣಿಯಿಂದ ನೇರ ಕೆಳಕ್ಕೆ ಗಾಳ ಇಳಿಬಿಡುವವರದು. ಮೂರನೆಯದನ್ನು ನೋಡಿ ನಾನು, “ಇದ್ಯಾಕ್ರೀ ತಂದ್ರಿ?” ಎಂದೆ. ಬಿಳಿಮೀನಿಗೆಂದು ಮಾಡಿದ ಮೂರು ತುಂಡಿನ ಉದ್ದ ಕೋಲಿನ ಕೆಳಗಿನ ಎರಡು ತುಂಡು. ತುದಿಯ ತುಂಡು ಯಾವನೋ ಆಫೀಸರನ ಕಾರಿನ ಬಾಗಿಲಿಗೆ ಸಿಕ್ಕಿ ಪುಡಿಯಾಗಿತ್ತು. ರಿಪೇರಿಗೆ ಯೋಗ್ಯವಲ್ಲ ಎಂದು ದೊರೆ ಸ್ವತಃ ಮೂಲೆಗೆ ಎಸೆದಿದ್ದರು. ನಮ್ಮವರು ನಡುವಿನ ತುಂಡಿನ ನೆತ್ತಿಗೆ ಒಂದು ಬಳೆ ಕೂರಿಸಿ, ಬುಡದಿಂದ ಒಂದಷ್ಟು ಕತ್ತರಿಸಿದ್ದರು. ಅದೂ ಏಳು ಅಡಿಯಾಗಿತ್ತು.

ಗುರುವಾರ ರಜ ಕೇಳಿ ಅವರು ನನ್ನನ್ನು ತವರಿಗೆ ಕರೆದುಕೊಂಡು ಹೊರಟರು. ದಂಡಿನ ಸ್ಟೇಷನ್ನಿನಿಂದ ಕೃಷ್ಣರಾಜಪುರಕ್ಕೆ ರೈಲು, ಅಲ್ಲಿಂದ ದೊಡ್ಡನೆಕ್ಕುಂದಿಗೆ ರಾಗಿ ಹೊಲಗಳ ನಡುವೆ ನಡಿಗೆ. ಅಪ್ಪ ಬದುವಿನ ಮೇಲೆ ನಿಂತಿದ್ದರು.

“ಮೂರು ಮೂರು ಕೋಲು ತಂದವ್ರೆ ಅಳಿಯಂದ್ರು. ಯಾರಿಗೆ ಹೊಡಿಯಾಕೆ?”

“ನಿಮ್ಮ ಮಗಳನ್ನ ಹಿಡಿಯಕ್ಕೆ ಮಾವ.”

“ಹಿಡ್ಕೊಂಡು ಹೋಗಿ ಆರು ವರ್ಷ ಆಯ್ತಲ್ಲ.”

ನಮ್ಮ ಕೆರೆಯ ಪಶ್ಚಿಮದ ಅಂಚಿನಲ್ಲಿ ನೀರು ಮಣ್ಣು ಕೊರೆದು ಹೊಂಗೆ ಮರಗಳ ಬೇರು ಬಯಲಾಗಿದ್ದವು. ಅಳಿವೆಗೆ ಹತ್ತಿರವೆಂದು ನಮಗೆ ತೋಚಿದ ಜಾಗ ಅದೊಂದೇ. ನಾನು ಮೊಣಕಾಲು ನೀರಿನಲ್ಲಿ, ಬೇರಿನಿಂದ ನಾಲ್ಕು ಹೆಜ್ಜೆ ಈಚೆ ನಿಂತೆ. ನಮ್ಮವರು ದೂರದಲ್ಲಿ ನೀರಿನೊಳಗಿನ ಒಂದು ಬಂಡೆಯ ಮೇಲೆ, ದೋಣಿಯಲ್ಲಿ ಕೂತವರಂತೆ ಕಾಲು ಮಡಚಿ ಕೂತರು. ಮೊದಲು ಚಮಚ ಎಸೆದು ನೋಡುವುದು, ಆಮೇಲೆ ಹುರಿಗೆ ಕಡ್ಡಿ ಕಟ್ಟಿ ನಾನು ಬೇರಿಗೆ ಓಡುವುದು. ಅಪ್ಪ ಎಮ್ಮೆಗಳನ್ನು ಆಚೆಗೆ ಹೊಡೆದು, ದಡದಲ್ಲಿ ಬೀಡಿ ಹಚ್ಚಿ ಕೂತರು.

ಇಂಗ್ಲೆಂಡಿನ ಕೋಲು ಚಮಚವನ್ನು ಬೆರಳಿಟ್ಟು ತೋರಿಸಿದ ಕಡೆಗೆ ಎಸೆಯಿತು. ಆದರೆ ನಾನು ಓಡಿದಾಗ ಬಳ್ಳಿಯ ಹಾಗೆ ಬಗ್ಗಿತು. ಬೇರು ಮುಟ್ಟಿ ನಾನು ಕೈ ಎತ್ತಿ ತೋರಿಸಿದೆ. ಮೋಟು ಕೋಲಿನಲ್ಲಿ ನನಗೆ ಒಂದು ಹೆಜ್ಜೆ ಇಡಲೂ ಆಗಲಿಲ್ಲ, ಆದರೆ ಅದು ಎಸೆದ ಚಮಚ ಅವರ ಕಾಲ ಬುಡಕ್ಕೇ ಬಿತ್ತು. “ಅದನ್ನ ಇಲ್ಲೇ ಬಿಟ್ಟೋಗಿ ಅಳಿಯಂದ್ರೆ, ಕಣಜದಲ್ಲಿ ಇಲಿ ಐತೆ,” ಎಂದರು ಅಪ್ಪ.

ಮುರುಕು ಕೋಲಿನ ಸರದಿ ಬಂತು. ಚಮಚ ಇಂಗ್ಲೆಂಡಿನದರಷ್ಟು ದೂರ ಹೋಗಲಿಲ್ಲ, ಆದರೆ ಹೋಗಬೇಕಾದಷ್ಟು ಹೋಯಿತು. ತಾವರೆ ಎಲೆಯೊಂದನ್ನು ತೋರಿಸಿ ಎಸೆದರೆ ಅದರ ಪಕ್ಕದಲ್ಲೇ ಬಿತ್ತು. ಆಮೇಲೆ ನಾನು ಓಡಿದೆ. ಬೇರಿಗೆ ಎರಡು ಹೆಜ್ಜೆ ಇರುವಾಗ ಕೈ ಹಿಂದಕ್ಕೆ ಎಳೆದಂತಾಯಿತು. ತುದಿ ಮಾತ್ರ ಬಾಗಿ, ಬುಡ ಹಾಗೇ ನಿಂತಿತ್ತು. ಇನ್ನೊಂದು ಸಲ ಓಡಿದೆ, ಅಷ್ಟೇ. ಮೂರನೆಯ ಸಲ ಅವರು ಹೇಳುವ ಮೊದಲೇ ಮೋಸದಿಂದ ನುಗ್ಗಿದೆ. ಬೇರು ಬೆರಳಿಗೆ ತಾಗುವಷ್ಟರಲ್ಲಿ ತಿರುಗಿಸಿಬಿಟ್ಟರು. ಕಡ್ಡಿ ಕೈಯಿಂದ ಕಿತ್ತುಹೋಯಿತು.

“ಹೆಂಡ್ತಿಗೆ ಹಗ್ಗ ಕಟ್ಟಿ ಮೇಯಿಸೋನ್ನ ಇವತ್ತೇ ಕಂಡಿದ್ದು ನಾನು,” ಎಂದು ಅಪ್ಪ ಬೀಡಿ ಆರಿಸಿದರು.

ನಮ್ಮವರು ಬಂಡೆಯ ಮೇಲೆ ಎದ್ದು ನಿಂತು, “ಇದೇ,” ಎಂದರು. ಒದ್ದೆ ಪಂಚೆಯಲ್ಲಿ, ಮುಖದ ತುಂಬ ನಗು ಇಟ್ಟುಕೊಂಡು ನಿಂತಿದ್ದರು. ಆಸ್ಪತ್ರೆಯ ಮಂಚದ ಮುಂದೆ ನಾನು ಈಗ ಅಡ್ಡ ಇಟ್ಟುಕೊಳ್ಳುವುದು ಆ ಮುಖವನ್ನು.

ಹಿಂತಿರುಗುವಾಗ ಕೃಷ್ಣರಾಜಪುರದ ದಾರಿಯಲ್ಲಿ ನಾನು ಒಂದು ಮಾತು ಹೇಳಿದೆ. ಅದು ನನಗೆ ಹೆಮ್ಮೆ ತರುವ ಮಾತಲ್ಲ. ಇಂಗ್ಲೆಂಡಿನ ಕೋಲನ್ನೇ ಕೊಟ್ಟುಬಿಡಿ ಎಂದೆ.

“ಯಾಕೆ?”

“ದೊರೆ ಎಸೆದಿದ್ದನ್ನ ಎತ್ತಿ ಅವರ ಮುಂದೇನೇ ಡಾಕ್ಟರಿಗೆ ಕೊಟ್ರೆ ಅವಮಾನ ಆದಹಾಗಲ್ವಾ? ಬೆಂಚು ಕೊಡೋರು ಅವರು. ಚೆಂದ ಇರೋದನ್ನ ಕೊಟ್ರೆ ಡಾಕ್ಟರೂ ಖುಷಿಯಿಂದ ಹೋಗ್ತಾರೆ. ಆಮೇಲೆ ಊರಲ್ಲಿ ಮೀನು ತಪ್ಪಿಸ್ಕೊಂಡ್ರೆ ಮೀನಿನ ತಪ್ಪು ಅಂದ್ಕೊಳ್ತಾರೆ.”

ಅವರು ಮನೆಗೆ ಬಂದು ದೀಪ ಹಚ್ಚಿದ ಮೇಲೆ ಮುರುಕು ಕೋಲನ್ನು ನನ್ನ ಮುಂದಿಟ್ಟು, “ಹಸಿರು ದಾರ ಉಳಿದಿದೆಯಾ?” ಎಂದು ಕೇಳಿದರು. ಉಳಿದಿತ್ತು. ಶುಕ್ರವಾರ ಪೂರ್ತಿ ಕೂತು ಸುತ್ತಿದೆ.

ಶನಿವಾರ ವಾರ್ನಿಷ್ ಸರಿಯಾಗಿ ಆರಿರಲಿಲ್ಲ. ಸೈಕಲ್ಲಿಗೆ ಕಟ್ಟುವಂತಿರಲಿಲ್ಲ ಎಂದು ಜಟಕಾ ಮಾಡಿ, ಕೋಲನ್ನು ಕೈಯಲ್ಲೇ ಹಿಡಿದು ನಾನೂ ಹೋದೆ. ಡಾಕ್ಟರು ಬಂದಿದ್ದರು. ದೊರೆ ಕನ್ನಡಕ ಏರಿಸಿ ಕೋಲನ್ನು ಬುಡದಿಂದ ತುದಿಯವರೆಗೆ ನೋಡಿದರು.

“ಇದು ನಾನು ಬಿಸಾಡಿದ್ದು.”

“ಹೌದು ದೊರೆ.”

“ಗೋಡೆ ಮೇಲೆ ಇಪ್ಪತ್ತು ಕೋಲಿತ್ತು.”

“ಇತ್ತು ದೊರೆ.”

“ಮತ್ತೆ ಯಾಕೆ ಇದು?”

ನಮ್ಮವರು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ದೋಣಿ ಸಣ್ಣದು, ಮೇಲೆ ಕೊಂಬೆ, ಉದ್ದ ಕೋಲು ಬೀಸಲು ಜಾಗವಿಲ್ಲ ಎಂದರು. ಚಮಚ ಎಸೆಯಲು ತುದಿಗೆ ಸ್ವಲ್ಪ ಬಳುಕು ಬೇಕು. ಕಚ್ಚಿದ ಮೇಲೆ ಎರಡು ಹೆಜ್ಜೆಯೊಳಗೆ ಮೀನನ್ನು ತಿರುಗಿಸಬೇಕು, ಅದಕ್ಕೆ ಬುಡದಲ್ಲಿ ದೊಡ್ಡ ಮೀನಿನ ಕೋಲಿನ ಬಲ ಬೇಕು. “ಅಂಥ ಕೋಲು ನಾವು ಯಾವತ್ತೂ ಮಾಡಿಲ್ಲ ದೊರೆ. ಕಾರಿನ ಬಾಗಿಲು ಮಾಡಿಕೊಡ್ತು,” ಎಂದರು.

ಡಾಕ್ಟರು ನಕ್ಕು, ಕೋಲು ತೆಗೆದುಕೊಂಡು, ಎರಡು ಸಲ ಗಾಳಿಯಲ್ಲಿ ಬೀಸಿದರು. “ನೀರಿಗೆ ಹೋಗದೆ ನಾನು ಏನೂ ಹೇಳುದಿಲ್ಲ. ಕಾಗದ ಬರೀತೇನೆ,” ಎಂದು ಹೊರಟರು. ದೊರೆ ಒಳಗೆ ಹೋಗಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯತೊಡಗಿದರು. ಅವರಿಗೆ ಕೋಪ ಬಂತೋ ಇಲ್ಲವೋ ನಮಗೆ ತಿಳಿಯಲಿಲ್ಲ.

ಎರಡು ತಿಂಗಳು ಕಾಗದವಿಲ್ಲ. ಗೋಡೆಯ ಸಾಲು ಒಂದೊಂದಾಗಿ ಖಾಲಿಯಾಯಿತು. ದೊಡ್ಡ ಅಂಗಡಿಯವರು ಬಂದು ಟೇಪು ಹಿಡಿದು ಬೆಂಚಿನ ಅಳತೆ ತೆಗೆದುಕೊಂಡು ಹೋದರು. ಅಂದು ಮನೆಗೆ ಬಂದು ನಮ್ಮವರು ವಿಮಾನ ಕಾರ್ಖಾನೆಯ ಅರ್ಜಿ ಬರೆಯಲು ಕೂತರು. ನನ್ನ ಅಕ್ಷರ ಚೆನ್ನಾಗಿದೆ ಎಂದು ನನ್ನಿಂದಲೇ ಬರೆಸಿದರು. ನಾನು ಆ ದಿನ ದಾರಿಯಲ್ಲಿ ಹೇಳಿದ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಬರೆಯುವಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಚೆಂದದ ಕೋಲು ಕೊಟ್ಟು ಬೆಂಚು ಗಿಟ್ಟಿಸಿದ್ದರೆ ಇವರು ಅದರ ಮುಂದೆ ನೆಟ್ಟಗೆ ಕೂತು ಕೆಲಸ ಮಾಡುತ್ತಿರಲಿಲ್ಲ.

ಅರ್ಜಿ ಅಂಚೆಗೆ ಹಾಕುವ ಮೊದಲೇ ಕಾರ್ಡು ಬಂತು. ಅಂಗಡಿಯ ವಿಳಾಸಕ್ಕೆ, ಕನ್ನಡದಲ್ಲಿ. ದೊರೆಗೆ ಕನ್ನಡ ಓದಲು ಬರುತ್ತಿರಲಿಲ್ಲವಾದ್ದರಿಂದ ನಮ್ಮವರೇ ಅವರ ಮುಂದೆ ನಿಂತು ಓದಿದರಂತೆ. ಮೊದಲ ಮೀನು ತಪ್ಪಿಹೋಯಿತು, ಅದು ನನ್ನ ಕೈಯ ತಪ್ಪು; ಎರಡನೆಯದು ಬೇರು ಸೇರಲಿಲ್ಲ, ಮೂರನೆಯದೂ ಸೇರಲಿಲ್ಲ ಎಂದು ಡಾಕ್ಟರು ಬರೆದಿದ್ದರು. ದಾರ ಎಲ್ಲೂ ಬಿಚ್ಚಿಲ್ಲ, ಮೀನಮ್ಮನವರಿಗೆ ತಿಳಿಸಿ ಎಂದೂ ಇತ್ತು. ಕೊನೆಯಲ್ಲಿ, ನನ್ನ ತಮ್ಮನಿಗೂ ಇಂಥದೇ ಒಂದು ಬೇಕು ಎಂದಿತ್ತು.

ನಮ್ಮವರು ಓದಿ ಮುಗಿಸಿ, “ಇಂಥದು ಇನ್ನೊಂದು ಇಲ್ಲ ದೊರೆ. ಮುರಿದಿದ್ದು ಒಂದೇ,” ಎಂದರಂತೆ.

“ಇಲ್ಲಾಂದ್ರೆ ಮಾಡು.”

“ಎಲ್ಲಿ ಮಾಡ್ಲಿ?”

ದೊರೆ ಅವರ ಮುಖ ನೋಡಿ, “ನಿನ್ನ ಮನೆ ಬಾಗಿಲು ಎಷ್ಟು ಅಗಲ ಇದೆ?” ಎಂದು ಕೇಳಿದರಂತೆ.

ಬಾಗಿಲು ಸಾಲಲಿಲ್ಲ. ಮುಂದಿನ ಸೋಮವಾರ ಎತ್ತಿನ ಗಾಡಿಯಲ್ಲಿ ಬೆಂಚು ಹಲಸೂರಿಗೆ ಬಂದಾಗ ನಾಲ್ಕು ಜನ ಹೇಗೆ ತಿರುಗಿಸಿದರೂ ಅದು ಮನೆಯೊಳಗೆ ಹೋಗಲಿಲ್ಲ. ವಠಾರದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಕಾಲು ಕೊಯ್ದರೆ ಹೋಗುತ್ತದೆ ಎಂದ ಒಬ್ಬರನ್ನು ನಮ್ಮವರು ಎಷ್ಟು ಕೆಟ್ಟದಾಗಿ ನೋಡಿದರೆಂದರೆ ಅವರು ಮತ್ತೆ ಮಾತಾಡಲಿಲ್ಲ. ಕೊನೆಗೆ ಎದುರು ಮನೆಯ ಅಕ್ಕನೇ ವಠಾರದ ಯಜಮಾನರ ಜೊತೆ ಮಾತಾಡಿ, ನಡುವಿನ ಹಜಾರದಲ್ಲಿ ಗೋಡೆಗೆ ತಾಗಿಸಿ ಇಡಲು ಒಪ್ಪಿಸಿದರು. ಬೆಂಚಿಗೆ ಅರಿಶಿನ ಕುಂಕುಮ ಹಚ್ಚಿ, “ಇನ್ನು ನಮ್ಮ ಮನೆ ಮುಂದೇನೇ ಮೀನಂಗಡಿ,” ಎಂದರು.

ಗಾಡಿಯವನಿಗೆ ಮಜ್ಜಿಗೆ ಕೊಟ್ಟು ನಾನು ಹೊರಗೆ ಬರುವಷ್ಟರಲ್ಲಿ ನಮ್ಮವರು ಅಚ್ಚನ್ನು ಒರೆಸಿ, ಎಣ್ಣೆ ಹಚ್ಚಿ, ಅಪ್ಪ ಕಳಿಸಿದ್ದ ಬಿದಿರಿನ ಮೊದಲ ಸೀಳನ್ನು ಗೀರಿನಲ್ಲಿಟ್ಟಾಗಿತ್ತು. ಹತ್ತರಿಯಿಂದ ತೆಳ್ಳನೆ ಸಿಪ್ಪೆ ಸುರುಳಿಯಾಗಿ ಏಳುತ್ತಿತ್ತು. ಊಟಕ್ಕೆ ಕರೆದೆ, ಬಂದೆ ಎಂದರು. ಮತ್ತೆ ಕರೆದೆ, ಬಂದೆ ಎಂದರು. ಮೂರನೆಯ ಸಲ ಉತ್ತರವೂ ಬರಲಿಲ್ಲ. ನಾಲ್ಕನೆಯ ಸಲ ನಾನು ಕರೆಯಲು ಹೋಗಲಿಲ್ಲ. ಸಿಪ್ಪೆಗಳನ್ನು ಒಂದು ಕಡೆಗೆ ಸರಿಸಿ, ತಟ್ಟೆಯನ್ನು ಬೆಂಚಿನ ಮೇಲೆಯೇ ತಂದಿಟ್ಟು, ಪಕ್ಕದಲ್ಲಿ ಕೂತೆ.